ಲೈಸೆನ್ಸ್ ಬಂದರೂ ಕಾರು ಹೊರತೆಗೆಯಲು ಭಯವೇ? ಎಲ್‌ಎಲ್‌ನಿಂದ ಘಾಟಿ ರಸ್ತೆಯವರೆಗೆ ಹಂತಹಂತದ ಮಾರ್ಗದರ್ಶಿ

ಕಾರು ಕಲಿತವರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಬೇರೆ ಬೇರೆ ರೂಪದಲ್ಲಿ ಮರಳಿ ಮರಳಿ ಬರುತ್ತದೆ: “ಡ್ರೈವಿಂಗ್ ಸ್ಕೂಲಿಗೆ ಹೋಗಿದ್ದೇನೆ, ಲೈಸೆನ್ಸ್ ಕೂಡ ಬಂದಿದೆ, ಆದರೆ ಒಬ್ಬನೇ ಗಾಡಿ ತೆಗೆಯಲು ಧೈರ್ಯ ಸಾಲುತ್ತಿಲ್ಲ. ಏನು ಮಾಡಲಿ?” ಕೇಳುವವರಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದವರಿದ್ದಾರೆ, ಮಕ್ಕಳನ್ನು ಶಾಲೆಗೆ ಬಿಡಬೇಕಾದ ತಾಯಂದಿರಿದ್ದಾರೆ, ನಿವೃತ್ತಿಯ ಹೊತ್ತಿಗೆ ಕಾರು ಕೊಂಡವರೂ ಇದ್ದಾರೆ. ಇವರಲ್ಲಿ ಬಹುಪಾಲು ಜನರ ತೊಂದರೆ ಧೈರ್ಯಕ್ಕೆ ಸಂಬಂಧಿಸಿದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಕಲಿಕೆಯ ದಿನಗಳು ಕ್ಲಚ್ಚು, ಗೇರು, ಸ್ಟೇರಿಂಗುಗಳಲ್ಲೇ ಮುಗಿದುಹೋಗುತ್ತವೆ. ರಸ್ತೆಯನ್ನು ನೋಡುವುದು ಹೇಗೆ, ಯಾವುದನ್ನು ಮುಂಚಿತವಾಗಿ ಊಹಿಸಬೇಕು ಎಂಬುದನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ. ಹೀಗಾಗಿ ಈ ಲೇಖನದಲ್ಲಿ ಕಾಗದಪತ್ರದ ಭಾಗವನ್ನು ಚುಟುಕಾಗಿ ಮುಗಿಸಿ, ರಸ್ತೆಯ ಭಾಗಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಉದಾಹರಣೆಗಳೆಲ್ಲ ಕರ್ನಾಟಕದ ರಸ್ತೆಗಳವು, ವಾಹನ ಗೇರ್ ಇರುವ ಸಾಮಾನ್ಯ ಕಾರು. ಆಟೊಮ್ಯಾಟಿಕ್ ಕಾರಿನವರು ಕ್ಲಚ್ಚಿನ ಮಾತುಗಳನ್ನು ಬಿಟ್ಟು ಉಳಿದದ್ದನ್ನು ಹಾಗೆಯೇ ಅನುಸರಿಸಬಹುದು.

ಹಂತ 1: ಎಲ್‌ಎಲ್ ಪಡೆಯುವುದು

ಎಲ್‌ಎಲ್ ಎಂದರೆ ಕಲಿಕಾ ಪರವಾನಗಿ. ಕಾರು ಎಲ್‌ಎಂವಿ, ಅಂದರೆ ಲಘು ಮೋಟಾರು ವಾಹನದ ವರ್ಗಕ್ಕೆ ಸೇರುತ್ತದೆ. ಇದಕ್ಕೆ 18 ವರ್ಷ ತುಂಬಿರಬೇಕು. ಕೇಂದ್ರ ಸಾರಿಗೆ ಇಲಾಖೆಯ ‘ಸಾರಥಿ’ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ವಯಸ್ಸು ಮತ್ತು ವಿಳಾಸದ ದಾಖಲೆ, ಭಾವಚಿತ್ರ, ಸಹಿಯ ಪ್ರತಿ ಬೇಕಾಗುತ್ತವೆ. ಆರೋಗ್ಯದ ಕುರಿತು ನೀವೇ ಬರೆದುಕೊಡುವ ಘೋಷಣೆಗೆ ನಮೂನೆ 1 ಎನ್ನುತ್ತಾರೆ. 40 ದಾಟಿದವರು ವೈದ್ಯರಿಂದ ನಮೂನೆ 1ಎ ಪ್ರಮಾಣಪತ್ರವನ್ನೂ ತರಬೇಕು. ಆಧಾರ್ ದೃಢೀಕರಣವನ್ನು ಆರಿಸಿಕೊಂಡರೆ ರಸ್ತೆ ನಿಯಮಗಳ ಪರೀಕ್ಷೆಯನ್ನು ಮನೆಯಲ್ಲಿ ಕುಳಿತೇ ಕಂಪ್ಯೂಟರಿನ ಕ್ಯಾಮೆರಾ ಮುಂದೆ ಬರೆಯಬಹುದು. ತೇರ್ಗಡೆಗೆ ಶೇ 60ರಷ್ಟು ಉತ್ತರಗಳು ಸರಿಯಿರಬೇಕು.

ಇಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಪರೀಕ್ಷೆಯನ್ನು ಏಜೆಂಟರಿಂದಲೇ ಬರೆಯಿಸುವುದು. ಅದರಲ್ಲಿರುವುದು ರಸ್ತೆ ಫಲಕಗಳು ಮತ್ತು ಯಾರು ಯಾರಿಗೆ ದಾರಿ ಬಿಡಬೇಕು ಎಂಬ ಪ್ರಶ್ನೆಗಳು; ಅವನ್ನು ಓದಿಕೊಳ್ಳುವ ಅವಕಾಶ ಮತ್ತೆ ನಿಮಗಾಗಿ ಬರುವುದಿಲ್ಲ. ಎರಡು, ದಿನಗಳ ಲೆಕ್ಕ. ಎಲ್‌ಎಲ್ ಆರು ತಿಂಗಳು ಊರ್ಜಿತವಾಗಿರುತ್ತದೆ, ಅದು ಕೈಸೇರಿ 30 ದಿನಗಳಾದ ಮೇಲೆ ಡಿಎಲ್‌ಗೆ, ಅಂದರೆ ಪಕ್ಕಾ ಚಾಲನಾ ಪರವಾನಗಿಗೆ, ಪರೀಕ್ಷೆ ಕೊಡಬಹುದು. ಬಹಳಷ್ಟು ಜನ ಮೂವತ್ತೊಂದನೆಯ ದಿನಕ್ಕೇ ಹೊರಟುಬಿಡುತ್ತಾರೆ. ನನ್ನ ಸಲಹೆ, ಕನಿಷ್ಠ ಮೂರು ತಿಂಗಳನ್ನಾದರೂ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಪಕ್ಕದಲ್ಲಿ ಅನುಭವಸ್ಥರನ್ನು ಕೂರಿಸಿಕೊಳ್ಳಲೇಬೇಕೆಂದು ಕಾನೂನೇ ಹೇಳುವ ಕಾಲ ಇದೊಂದೇ.

ಎಲ್‌ಎಲ್ ಇದ್ದಾಗ ಪಾಲಿಸಬೇಕಾದ ನಿಯಮಗಳು ಸರಳ. ಊರ್ಜಿತ ಡಿಎಲ್ ಇರುವವರೊಬ್ಬರು ವಾಹನವನ್ನು ನಿಯಂತ್ರಿಸಲು ಸಾಧ್ಯವಾಗುವಂತೆ ಪಕ್ಕದಲ್ಲಿ ಕುಳಿತಿರಬೇಕು. ಕಾರಿನ ಮುಂದೆ ಮತ್ತು ಹಿಂದೆ ಬಿಳಿಯ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಅಕ್ಷರದ ಫಲಕವಿರಬೇಕು. ಇವನ್ನು ಬಿಟ್ಟು ಓಡಿಸಿ ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯುವುದು ಖಚಿತ. ಇನ್ನು 18 ತುಂಬದ ಮಗನಿಗೋ ಮಗಳಿಗೋ “ಸುಮ್ಮನೆ ಲೇಔಟ್‌ನಲ್ಲಿ ಒಂದು ಸುತ್ತು” ಎಂದು ಕೀಲಿ ಕೊಡುವವರಿಗೆ: 2019ರ ತಿದ್ದುಪಡಿಯ ನಂತರ ಅಪ್ರಾಪ್ತರ ಅಪರಾಧಕ್ಕೆ ಪೋಷಕರು ಅಥವಾ ವಾಹನದ ಮಾಲೀಕರೇ ಹೊಣೆ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಒಂದು ವರ್ಷ ವಾಹನದ ನೋಂದಣಿ ರದ್ದು. ಆ ಹುಡುಗನಿಗೆ 25 ವರ್ಷವಾಗುವವರೆಗೆ ಎಲ್‌ಎಲ್ ಕೂಡ ಸಿಗುವುದಿಲ್ಲ.

ಹಂತ 2: ಡ್ರೈವಿಂಗ್ ಸ್ಕೂಲ್ ಆಯ್ಕೆ

ಶುಲ್ಕ ಕೇಳುವ ಮೊದಲು ನಾಲ್ಕು ವಿಷಯ ಕೇಳಿ. ಕಾರಿನಲ್ಲಿ ಡ್ಯುಯಲ್ ಕಂಟ್ರೋಲ್, ಅಂದರೆ ಕಲಿಸುವವರ ಕಾಲಬಳಿಯೂ ಬ್ರೇಕ್ ಮತ್ತು ಕ್ಲಚ್ ಇದೆಯೇ? ಇದು ನಿಯಮದಂತೆ ಕಡ್ಡಾಯ. ಒಂದು ತರಗತಿಯಲ್ಲಿ ಸ್ಟೇರಿಂಗ್ ನಿಮ್ಮ ಕೈಯಲ್ಲಿರುವುದು ನಿಜವಾಗಿ ಎಷ್ಟು ನಿಮಿಷ? ಒಂದೇ ಕಾರಿನಲ್ಲಿ ಮೂವರನ್ನು ಕೂರಿಸಿಕೊಂಡು ಹೋದರೆ ಅರ್ಧ ಗಂಟೆಯ ತರಗತಿ ಹತ್ತು ನಿಮಿಷಕ್ಕೆ ಇಳಿದಿರುತ್ತದೆ. ನೀವು ಓಡಿಸಿದ ಗಂಟೆಗಳನ್ನು ನಮೂನೆ 15ರ ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಾರೆಯೇ? ಮತ್ತು ರಿವರ್ಸ್, ಏರಿನಲ್ಲಿ ನಿಲ್ಲಿಸಿ ಹೊರಡುವುದು, ರಾತ್ರಿಯ ಚಾಲನೆ ಇವು ಪಾಠದಲ್ಲಿವೆಯೇ? ಕೊನೆಯದಕ್ಕೆ ಬಹುತೇಕ ಕಡೆ ಇಲ್ಲವೆಂಬ ಉತ್ತರವೇ ಸಿಗುತ್ತದೆ. ಸಿಕ್ಕರೂ ಸೇರಿಕೊಳ್ಳಬಹುದು, ಆದರೆ ಅದನ್ನು ನೀವಾಗಿಯೇ ಕಲಿಯಬೇಕೆಂಬುದು ನೆನಪಿರಲಿ.

ಹೋಲಿಕೆಗೆ ಒಂದು ಅಳತೆ ಬೇಕೆಂದರೆ, 2021ರ ಜುಲೈನಿಂದ ಜಾರಿಯಲ್ಲಿರುವ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮವನ್ನು ನೋಡಿ. ಅಲ್ಲಿ ಲಘು ವಾಹನದ ತರಬೇತಿಗೆ 29 ಗಂಟೆಗಳನ್ನು ನಿಗದಿ ಮಾಡಲಾಗಿದೆ: 8 ಗಂಟೆ ಪಾಠ, 21 ಗಂಟೆ ಚಾಲನೆ. ಅಂತಹ ಕೇಂದ್ರದಲ್ಲಿ ತೇರ್ಗಡೆಯಾದವರಿಗೆ ಆರ್‌ಟಿಒ ಚಾಲನಾ ಪರೀಕ್ಷೆಯಿಂದ ವಿನಾಯಿತಿಯಿದೆ. ನೀವು ಸಾಮಾನ್ಯ ಶಾಲೆಗೆ ಹೋದರೂ ಆ 21 ಗಂಟೆಯನ್ನೇ ಗುರಿಯಾಗಿಟ್ಟುಕೊಂಡು, ಶಾಲೆಯಲ್ಲಿ ಸಿಗದ ಗಂಟೆಗಳನ್ನು ಮನೆಯ ಕಾರಿನಲ್ಲಿ ತುಂಬಿಸಿಕೊಳ್ಳಿ.

ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವಾಗ ಮುಂಚಿತವಾಗಿ ಒಂದು ಒಪ್ಪಂದವಿರಲಿ. ಹೇಳಬೇಕಾದದ್ದನ್ನು ತಿರುವಿಗೆ ಮುಂಚೆ ಹೇಳಬೇಕು, ತಿರುವಿನ ನಡುವೆ ಕೂಗಬಾರದು. ಅಪ್ಪನೋ ಗಂಡನೋ ಪಕ್ಕದಲ್ಲಿ ಕುಳಿತು “ಏಯ್, ಬ್ರೇಕ್ ಹಾಕು!” ಎಂದು ಕೂಗಿದ್ದರಿಂದಲೇ ಕಲಿಕೆ ಬಿಟ್ಟವರು ಕಡಿಮೆಯಿಲ್ಲ. ತಾಳ್ಮೆಯ ಅತ್ತಿಗೆಯೋ ಗೆಳತಿಯೋ ಸಿಕ್ಕರೆ ಅವರೇ ಒಳ್ಳೆಯ ಗುರುಗಳು.

ಹಂತ 3: ಎಂಜಿನ್ ಚಾಲೂ ಮಾಡುವ ಮುನ್ನ

ಮೊದಲು ಕಾರಿನ ಸುತ್ತ ಒಮ್ಮೆ ನಡೆಯಿರಿ. ಟೈರು, ಕೆಳಗೆ ಸೋರಿದ ಎಣ್ಣೆ, ಹಿಂದೆ ಆಡುತ್ತಿರುವ ಮಗು, ನೆರಳಿಗೆ ಮಲಗಿದ ನಾಯಿ, ಇವೆಲ್ಲ ಒಳಗೆ ಕುಳಿತ ಮೇಲೆ ಕಾಣುವುದಿಲ್ಲ.

ಆಸನವನ್ನು ಹೊಂದಿಸುವಾಗ ಕ್ಲಚ್ಚನ್ನು ಪೂರ್ತಿ ಒತ್ತಿದರೂ ಮೊಣಕಾಲು ಸ್ವಲ್ಪ ಬಾಗಿಯೇ ಇರಬೇಕು. ಬೆನ್ನು ಆಸನಕ್ಕೆ ತಾಗಿರುವಂತೆಯೇ ಕೈ ಚಾಚಿದಾಗ ಮಣಿಕಟ್ಟು ಸ್ಟೇರಿಂಗಿನ ಮೇಲಂಚಿಗೆ ಮುಟ್ಟಬೇಕು. ಎದೆ ಸ್ಟೇರಿಂಗಿಗೆ ಅಂಟುವಂತೆ ಮುಂದೆ ಕೂರುವುದು ಹೊಸಬರ ಅಭ್ಯಾಸ. ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಅದೇ ಅಪಾಯ ತರುತ್ತದೆ, ಆದ್ದರಿಂದ ಕನಿಷ್ಠ 25 ಸೆಂಟಿಮೀಟರ್ ಅಂತರವಿರಲಿ. ಒಳಗನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿ ಕಾಣಬೇಕು, ಪಕ್ಕದ ಕನ್ನಡಿಗಳಲ್ಲಿ ನಿಮ್ಮ ಕಾರಿನ ಅಂಚು ಒಂದು ಗೆರೆಯಷ್ಟು ಕಂಡರೆ ಸಾಕು. ಸೀಟ್ ಬೆಲ್ಟ್ ಹಿಂದೆ ಕುಳಿತವರಿಗೂ ಕಡ್ಡಾಯ ಎಂಬುದನ್ನು ನಮ್ಮ ಊರುಗಳಲ್ಲಿ ಇನ್ನೂ ಯಾರೂ ಗಂಭೀರವಾಗಿ ತೆಗೆದುಕೊಂಡಿಲ್ಲ. ಬೆಲ್ಟ್ ಹಾಕದೆ ಹಿಂದೆ ಕುಳಿತವರು ಡಿಕ್ಕಿಯ ಕ್ಷಣದಲ್ಲಿ ಮುಂದಿನವರ ಬೆನ್ನಿಗೇ ಬಂದು ಅಪ್ಪಳಿಸುತ್ತಾರೆ.

ಹಂತ 4: ಮೈದಾನದಲ್ಲಿ ಕಾಲು ಪಳಗಿಸುವುದು

ಜನಸಂಚಾರವಿಲ್ಲದ ಮೈದಾನ ಅಥವಾ ಮನೆಗಳೇಳದ ಹೊಸ ಬಡಾವಣೆ ಇದಕ್ಕೆ ಸರಿ. ಮೊದಲ ದಿನಗಳಲ್ಲಿ ಆಕ್ಸಲರೇಟರ್ ಮುಟ್ಟದೆ ಬರೀ ಕ್ಲಚ್ಚಿನಿಂದ ಕಾರನ್ನು ಹೊರಡಿಸಿ. ಕ್ಲಚ್ಚನ್ನು ನಿಧಾನಕ್ಕೆ ಬಿಡುತ್ತಾ ಬಂದಾಗ ಒಂದು ಜಾಗದಲ್ಲಿ ಎಂಜಿನ್ನಿನ ಸದ್ದು ತಗ್ಗಿ, ಕಾರು ಸಣ್ಣಗೆ ನಡುಗುತ್ತದೆ. ಎಂಜಿನ್ನೂ ಚಕ್ರವೂ ಕೂಡಿಕೊಳ್ಳುವ ಆ ಜಾಗವನ್ನು ಬೈಟಿಂಗ್ ಪಾಯಿಂಟ್ ಎನ್ನುತ್ತಾರೆ. ಕಣ್ಣಿನ ಸಹಾಯವಿಲ್ಲದೆ ಪಾದ ಅದನ್ನು ಹುಡುಕಿಕೊಳ್ಳುವವರೆಗೆ ಮುಂದಿನ ಪಾಠ ಬೇಡ.

ಬ್ರೇಕಿನ ವಿಷಯದಲ್ಲಿ ಹಲವು ಕಡೆ ತಪ್ಪನ್ನೇ ಕಲಿಸುತ್ತಾರೆ. “ಕ್ಲಚ್ಚು ಬ್ರೇಕು ಒಟ್ಟಿಗೇ ಒತ್ತಿ” ಎನ್ನುವ ಪಾಠ ಕಾರು ಬಂದ್ ಬೀಳದಿರಲು ಒಳ್ಳೆಯದು, ರಸ್ತೆಯಲ್ಲಿ ಕೆಟ್ಟದ್ದು. ಕ್ಲಚ್ ಒತ್ತಿದ ಕೂಡಲೇ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದು, ವೇಗವನ್ನು ಹಿಡಿದಿಡುತ್ತಿದ್ದ ಎಂಜಿನ್ನಿನ ಎಳೆತ ತಪ್ಪಿಹೋಗುತ್ತದೆ. ಆದ್ದರಿಂದ ಮೊದಲು ಬ್ರೇಕ್, ಕಾರು ನಿಲ್ಲುವ ಹಂತಕ್ಕೆ ಬಂದು ಎಂಜಿನ್ ತಡವರಿಸತೊಡಗಿದಾಗ ಮಾತ್ರ ಕ್ಲಚ್. ತುರ್ತು ಬ್ರೇಕನ್ನೂ ಖಾಲಿ ಮೈದಾನದಲ್ಲೇ ಅಭ್ಯಾಸ ಮಾಡಿಕೊಳ್ಳಿ. 2019ರ ಏಪ್ರಿಲ್ ನಂತರದ ಕಾರುಗಳಲ್ಲಿ ಎಬಿಎಸ್ ಕಡ್ಡಾಯವಾಗಿದೆ. ಅಂದರೆ ಎಷ್ಟೇ ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಪೂರ್ತಿ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ. ಅದು ಕೆಲಸ ಮಾಡುವಾಗ ಪೆಡಲ್ ಪಾದದಡಿಯಲ್ಲಿ ದಡದಡನೆ ಅದುರುತ್ತದೆ. ಇದನ್ನು ಮೊದಲೇ ಅನುಭವಿಸದವರು ಏನೋ ಮುರಿಯಿತೆಂದು ಹೆದರಿ ಕಾಲು ತೆಗೆದುಬಿಡುತ್ತಾರೆ. ಕಾಲು ತೆಗೆಯಬಾರದು, ಒತ್ತಿಯೇ ಹಿಡಿದು, ಅಗತ್ಯವಿದ್ದರೆ ಸ್ಟೇರಿಂಗ್ ತಿರುಗಿಸಿ ಪಕ್ಕಕ್ಕೆ ಸರಿಯಬೇಕು.

ಏರಿನಲ್ಲಿ ನಿಂತು ಹೊರಡಲು ಹ್ಯಾಂಡ್ ಬ್ರೇಕ್ ಬಳಸಿ. ಹ್ಯಾಂಡ್ ಬ್ರೇಕ್ ಎಳೆದು, ಮೊದಲ ಗೇರ್ ಹಾಕಿ, ಕ್ಲಚ್ಚನ್ನು ಬೈಟಿಂಗ್ ಪಾಯಿಂಟ್‌ಗೆ ತಂದು, ಸ್ವಲ್ಪ ಆಕ್ಸಲರೇಟರ್ ಕೊಟ್ಟು, ಕಾರಿನ ಮೂತಿ ತುಸು ಮೇಲೆದ್ದಂತೆ ಆದಾಗ ಹ್ಯಾಂಡ್ ಬ್ರೇಕ್ ಬಿಡಿ. ಏರಿನಲ್ಲಿ ಹಾಫ್ ಕ್ಲಚ್‌ನಲ್ಲೇ ಕಾರನ್ನು ನಿಲ್ಲಿಸಿಕೊಂಡಿರುವುದು ಜಾಣತನದಂತೆ ಕಾಣುತ್ತದೆ, ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬಂದಾಗ ಅದರ ಬೆಲೆ ತಿಳಿಯುತ್ತದೆ. ರಿವರ್ಸ್ ತೆಗೆಯುವಾಗ ಮೈ ತಿರುಗಿಸಿ ಹಿಂದಿನ ಗಾಜಿನ ಮೂಲಕ ನೋಡುವುದು ಮೊದಲು, ಕ್ಯಾಮೆರಾದ ಪರದೆ ಆಮೇಲೆ.

ಹಂತ 5: ಬೀದಿಗಿಳಿಯುವುದು, ಕಣ್ಣು ಪಳಗಿಸುವುದು

ಈ ಹಂತಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ದಿನ ಕೊಡಿ. ಭಾನುವಾರ ಬೆಳಗಿನ ಜಾವದ ಬೀದಿಯಿಂದ ಆರಂಭಿಸಿ, ವಾರಗಳು ಕಳೆದಂತೆ ದಟ್ಟಣೆಯ ಹೊತ್ತಿಗೆ ಬನ್ನಿ.

ಹೊಸಬರ ನೋಟ ಬಾನೆಟ್ಟಿನ ಮುಂದಿನ ಹತ್ತು ಮೀಟರಿನಲ್ಲೇ ನೆಟ್ಟಿರುತ್ತದೆ. ಕಾರು ಅತ್ತಿತ್ತ ವಾಲಾಡುವುದಕ್ಕೂ ಪ್ರತಿ ಅಡಚಣೆಗೂ ಗಾಬರಿಯಾಗುವುದಕ್ಕೂ ಇದೇ ಕಾರಣ. ಇನ್ನು ಹತ್ತು ಹನ್ನೆರಡು ಸೆಕೆಂಡಿನಲ್ಲಿ ನೀವು ಎಲ್ಲಿರುತ್ತೀರೋ ಅಲ್ಲಿಗೆ ನೋಟ ಹೋಗಿ, ಹತ್ತಿರಕ್ಕೆ ಬಂದು, ಕನ್ನಡಿಗೆ ಹೋಗಿ, ಮತ್ತೆ ದೂರಕ್ಕೆ ಹೋಗಬೇಕು. ಇದನ್ನು ರೂಢಿಸಿಕೊಳ್ಳಲು ನಾನು ಬಲ್ಲ ಅತ್ಯುತ್ತಮ ಉಪಾಯ ಗಟ್ಟಿಯಾಗಿ ಮಾತಾಡುತ್ತಾ ಓಡಿಸುವುದು: “ಎಡಗಡೆ ಬಸ್ ನಿಂತಿದೆ, ಅದರ ಮುಂದಿನಿಂದ ಯಾರಾದರೂ ದಾಟಬಹುದು, ಮುಂದಿನ ಆಟೊದ ಚಕ್ರ ಬಲಕ್ಕೆ ತಿರುಗಿದೆ, ಹಿಂದೆ ಬೈಕು ಹತ್ತಿರ ಬಂದಿದೆ.” ಮೊದಮೊದಲು ನಾಚಿಕೆಯಾಗುತ್ತದೆ. ಆದರೆ ಪಕ್ಕದಲ್ಲಿರುವವರಿಗೆ ನೀವು ಏನನ್ನು ಕಂಡಿದ್ದೀರಿ, ಏನನ್ನು ಕಂಡಿಲ್ಲ ಎಂಬುದು ತಿಳಿಯುವುದು ಇದೊಂದರಿಂದಲೇ, ಅವರ ಕೂಗಾಟವೂ ತಾನಾಗಿ ಕಡಿಮೆಯಾಗುತ್ತದೆ.

ನಮ್ಮ ನಗರಗಳಲ್ಲಿ ಕಾರಿನ ಎಡಗಡೆ ಬೈಕಿಗೆ ರಾಜಮಾರ್ಗವಿದ್ದಂತೆ. ಎಡಕ್ಕೆ ತಿರುಗುವ ಮುನ್ನ ಎಡಗನ್ನಡಿ ನೋಡಿದರೆ ಸಾಲದು, ತಲೆ ತಿರುಗಿಸಿಯೂ ನೋಡಬೇಕು. ಕನ್ನಡಿಗೂ ಸಿಗದ, ನೇರ ನೋಟಕ್ಕೂ ಸಿಗದ ಈ ಪಕ್ಕದ ಜಾಗಕ್ಕೆ ಬ್ಲೈಂಡ್ ಸ್ಪಾಟ್ ಎನ್ನುತ್ತಾರೆ. ಒಂದಿಡೀ ಬೈಕು ಅದರಲ್ಲಿ ಮರೆಯಾಗಬಲ್ಲದು. ತಿರುವಿಗೆ ಬಹಳ ಮುಂಚೆಯೇ ಇಂಡಿಕೇಟರ್ ಹಾಕಿ, ನಿಧಾನವಾಗಿ ಎಡಕ್ಕೆ ಸರಿದು, ಆಮೇಲೆ ತಿರುಗಿ. ನಿಲ್ಲಿಸಿದ ಕಾರಿನ ಬಾಗಿಲು ತೆಗೆಯುವಾಗ ಬಾಗಿಲಿನಿಂದ ದೂರವಿರುವ ಕೈ ಬಳಸಿ, ಅಂದರೆ ಚಾಲಕರು ಎಡಗೈ. ಹಾಗೆ ಮಾಡಿದರೆ ಮೈ ತಾನಾಗಿ ತಿರುಗಿ ಹಿಂದಿನಿಂದ ಬರುವ ಸವಾರ ಕಣ್ಣಿಗೆ ಬೀಳುತ್ತಾನೆ.

ಮುಂದಿನ ವಾಹನದಿಂದ ಅಂತರ ಎಷ್ಟಿರಬೇಕು? ಮೀಟರಿನಲ್ಲಿ ಅಂದಾಜು ಮಾಡಲು ಹೋಗಬೇಡಿ, ಸೆಕೆಂಡಿನಲ್ಲಿ ಎಣಿಸಿ. ಮುಂದಿನ ವಾಹನ ಒಂದು ಕಂಬವನ್ನು ದಾಟಿದ ಕ್ಷಣದಿಂದ “ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು” ಎಂದು ಎಣಿಸಿ. ಮೂರು ಮುಗಿಯುವ ಮುನ್ನ ನೀವು ಆ ಕಂಬ ತಲುಪಿದರೆ ಹತ್ತಿರವಾದಿರಿ ಎಂದರ್ಥ. ಅನುಭವಿಗಳಿಗೆ ಎರಡು ಸೆಕೆಂಡು ಸಾಕು ಎನ್ನುತ್ತಾರೆ, ಹೊಸಬರಿಗೆ ಮೂರು, ಮಳೆಯಲ್ಲಿ ಅದರ ಇಮ್ಮಡಿ. “ಅಷ್ಟು ಜಾಗ ಬಿಟ್ಟರೆ ಯಾರಾದರೂ ನುಗ್ಗುತ್ತಾರೆ” ಎಂಬ ಆಕ್ಷೇಪ ಬರುತ್ತದೆ. ನುಗ್ಗಲಿ, ಮತ್ತೆ ಹಿಂದೆ ಸರಿದು ಅಂತರ ಮಾಡಿಕೊಳ್ಳಿ. 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಮೂರು ಸೆಕೆಂಡು ಫೋನ್ ನೋಡಿದವರು 50 ಮೀಟರ್ ದೂರವನ್ನು ಕಣ್ಣು ಮುಚ್ಚಿಕೊಂಡೇ ಓಡಿಸಿದ್ದಾರೆ.

ಇನ್ನು ಸನ್ನೆಗಳ ವಿಷಯ. ಎದುರಿನವರು ಹೆಡ್‌ಲೈಟ್ ಮಿನುಗಿಸಿದರೆ ನಮ್ಮಲ್ಲಿ ಅದರ ಅರ್ಥ “ನಾನು ಬರುತ್ತಿದ್ದೇನೆ, ನೀವು ನಿಲ್ಲಿ” ಎಂದು. ಬ್ರಿಟನ್ನಿನಂತಹ ಕಡೆ ಕಾರು ಓಡಿಸಿ ರಜೆಗೆ ಊರಿಗೆ ಬಂದವರು ಅದನ್ನು “ನೀವು ಹೋಗಿ” ಎಂದು ತಿಳಿದು ಮುನ್ನುಗ್ಗುವ ಅಪಾಯವಿದೆ. ಮುಂದಿನ ಲಾರಿ ಹಾಕುವ ಇಂಡಿಕೇಟರ್ ಇನ್ನೂ ಗೊಂದಲದ್ದು: ಓವರ್‌ಟೇಕ್ ಮಾಡು ಎಂಬ ಸೂಚನೆಯೂ ಆಗಿರಬಹುದು, ತಾನೇ ತಿರುಗುವ ಸೂಚನೆಯೂ ಆಗಿರಬಹುದು. ತಿರುಗುತ್ತಾನೆ ಎಂದೇ ಎಣಿಸಿ. ಎದುರಿನ ರಸ್ತೆ ಖಾಲಿಯಿರುವುದು ನಿಮ್ಮದೇ ಕಣ್ಣಿಗೆ ಕಾಣದೆ ಯಾರ ಸನ್ನೆಯನ್ನೂ ನೆಚ್ಚಿ ಮುಂದೆ ಹೋಗಬೇಡಿ.

ಯಾರು ಯಾರಿಗೆ ದಾರಿ ಬಿಡಬೇಕು ಎಂಬ ನಿಯಮ ಚಿಕ್ಕದು. ಸಿಗ್ನಲ್ ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ, ವೃತ್ತದಲ್ಲಿ ಈಗಾಗಲೇ ಒಳಗಿರುವವರಿಗೆ, ಸಣ್ಣ ರಸ್ತೆಯಿಂದ ಮುಖ್ಯ ರಸ್ತೆಗೆ ಸೇರುವಾಗ ಮುಖ್ಯ ರಸ್ತೆಯವರಿಗೆ, ಜೀಬ್ರಾ ಪಟ್ಟೆಯ ಮೇಲೆ ಕಾಲಿಟ್ಟ ಪಾದಚಾರಿಗೆ. ಇದನ್ನು ಎಲ್ಲರೂ ಪಾಲಿಸುವುದಿಲ್ಲ ಎಂಬುದು ಬೇರೆ ಮಾತು. ನಿಯಮ ನಿಮ್ಮ ಕಡೆಗಿದ್ದಾಗಲೂ ಬ್ರೇಕಿನ ಮೇಲೆ ಪಾದ ಸಿದ್ಧವಾಗಿರಬೇಕು.

ಹಂತ 6: ಡಿಎಲ್ ಪರೀಕ್ಷೆ

ಜಾಲತಾಣದಲ್ಲಿ ದಿನ ಗೊತ್ತುಮಾಡಿಕೊಂಡು, ಎಲ್‌ಎಲ್ ಮತ್ತು ಮೂಲ ದಾಖಲೆಗಳೊಂದಿಗೆ ಹೋಗಿ. ಕಾರಿನ ವಿಮೆ ಮತ್ತು ಹೊಗೆ ತಪಾಸಣಾ ಪತ್ರ ಚಾಲ್ತಿಯಲ್ಲಿರಬೇಕು, ಎಲ್ ಫಲಕ ಇರಲೇಬೇಕು. ಕೆಲವು ಕಡೆ ಅಧಿಕಾರಿ ಪಕ್ಕದಲ್ಲಿ ಕುಳಿತು ನೋಡುತ್ತಾರೆ. ಬೆಂಗಳೂರಿನ ಜ್ಞಾನಭಾರತಿಯಂತಹ ಕಡೆ ಗಣಕೀಕೃತ ಟ್ರ್ಯಾಕ್ ಇದ್ದು, ಎಂಟರ ಆಕಾರದ ತಿರುವು, ರಿವರ್ಸ್, ಏರಿನಲ್ಲಿ ನಿಲ್ಲಿಸಿ ಹೊರಡುವುದು ಮೊದಲಾದವನ್ನು ಯಂತ್ರವೇ ದಾಖಲಿಸುತ್ತದೆ. ಯಂತ್ರಕ್ಕೆ ದಾಕ್ಷಿಣ್ಯವಿಲ್ಲ, ಹಾಗಾಗಿ ಏರಿನಲ್ಲಿ ಹಿಂದಕ್ಕೆ ಜಾರುವುದನ್ನೂ ಗೆರೆ ಮುಟ್ಟುವುದನ್ನೂ ಮುಂಚೆಯೇ ತಿದ್ದಿಕೊಂಡು ಹೋಗಿ. ಜನ ಗಾಬರಿಯಲ್ಲಿ ಮರೆಯುವುದು ಸೀಟ್ ಬೆಲ್ಟ್, ಕನ್ನಡಿ ಮತ್ತು ಇಂಡಿಕೇಟರ್. ನಪಾಸಾದರೆ ಏಳು ದಿನಗಳ ನಂತರ ಮತ್ತೆ ಬರಬಹುದು. ಮೂರು ಸಲ ಸೋತವರು ಕೊನೆಯ ಪರೀಕ್ಷೆಯಿಂದ 60 ದಿನ ಕಾಯಬೇಕು.

ಹಂತ 7: ಒಬ್ಬರೇ ಹೊರಡುವುದು

ಲೈಸೆನ್ಸ್ ಬಂದ ಮರುದಿನವೇ ಊರಿಗೆ ಹೊರಡಬೇಡಿ. ಮೊದಲ ವಾರ ಗೊತ್ತಿರುವ ಒಂದೇ ದಾರಿ, ಹಗಲು, ರೇಡಿಯೊ ಹಾಡುಗಳಿಲ್ಲದೆ. ಅದೇ ದಾರಿ ಬೇಸರ ತರಿಸುವಷ್ಟು ಸಲೀಸಾದ ಮೇಲೆ ಒಂದೊಂದೇ ಕಷ್ಟವನ್ನು ಸೇರಿಸಿ: ಮೊದಲು ದಟ್ಟಣೆ, ಆಮೇಲೆ ರಾತ್ರಿ, ಆಮೇಲೆ ಮಳೆ, ಕೊನೆಗೆ ಹೆದ್ದಾರಿ. ಎರಡನ್ನು ಒಂದೇ ದಿನ ಹೊಸದಾಗಿ ಎದುರಿಸಬಾರದು. ಲೈಸೆನ್ಸ್ ಬಂದು ವರ್ಷಗಳಾದರೂ ಕಾರು ಮುಟ್ಟದವರು ನಾಲ್ಕನೆಯ ಹಂತಕ್ಕೆ ಹಿಂದಿರುಗಿ, ಅಲ್ಲಿಂದ ಇಲ್ಲಿಗೆ ಬರಬೇಕು. ಅದಕ್ಕೆ ಬೇರೆ ಅಡ್ಡದಾರಿಯಿಲ್ಲ.

ರಾತ್ರಿ ಎದುರಿನಿಂದ ವಾಹನ ಬಂದಾಗ ದೀಪ ಡಿಮ್ ಮಾಡಿ. ಅವರು ಮಾಡದಿದ್ದರೆ ಪ್ರತೀಕಾರಕ್ಕೆ ಹೈಬೀಮ್ ಹಾಕದೆ, ನೋಟವನ್ನು ರಸ್ತೆಯ ಎಡ ಅಂಚಿನ ಬಿಳಿ ಗೆರೆಗೆ ಇಳಿಸಿ ವೇಗ ತಗ್ಗಿಸಿ. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಡೆ ಕಬ್ಬಿನ ಕಾಲದಲ್ಲಿ ಹಿಂದೀಪವಿಲ್ಲದ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ರಾತ್ರಿಯೆಲ್ಲಾ ಸಾಗುತ್ತವೆ. ನಿಮ್ಮ ದೀಪ ಬೀಳುವ ದೂರದೊಳಗೆ ನಿಲ್ಲಿಸಲಾಗದಷ್ಟು ವೇಗ ಅಲ್ಲಿ ಖಂಡಿತ ಬೇಡ. ಸುಗ್ಗಿಯಲ್ಲಿ ಹಳೇ ಮೈಸೂರಿನ ಕಡೆ ರಸ್ತೆಯ ಮೇಲೇ ಹುರುಳಿ, ರಾಗಿಯ ಒಕ್ಕಣೆಗೆ ಹರಡುವುದುಂಟು. ಹುಲ್ಲು ಚಕ್ರಕ್ಕೆ, ಬಿಸಿಯಾದ ಸೈಲೆನ್ಸರ್ ಕೊಳವೆಗೆ ಸುತ್ತಿಕೊಂಡು ಬೆಂಕಿ ಹತ್ತಿದ ಪ್ರಸಂಗಗಳಿವೆ. ಸಾಧ್ಯವಾದರೆ ಪಕ್ಕದಿಂದ ಹೋಗಿ, ಆಗದಿದ್ದರೆ ನಿಧಾನಕ್ಕೆ ದಾಟಿ, ಮುಂದೆ ನಿಲ್ಲಿಸಿ ಕಾರಿನಡಿ ಬಗ್ಗಿ ನೋಡಿ.

ಮಳೆಯಲ್ಲಿ ಮೊದಲ ಹನಿಗಳ ಹೊತ್ತೇ ಹೆಚ್ಚು ಅಪಾಯದ್ದು, ರಸ್ತೆಯ ಮೇಲಿನ ಎಣ್ಣೆ ಧೂಳು ನೀರಿನೊಂದಿಗೆ ಸೇರಿ ಜಾರುತ್ತದೆ. ಟೈರಿನ ಗ್ರಿಪ್ ಕನಿಷ್ಠ 1.6 ಮಿಲಿಮೀಟರ್ ಆಳವಿರಬೇಕೆಂಬುದು ನಿಯಮ, ಮಳೆಗಾಲಕ್ಕೆ ಅದಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. ನಿಂತ ನೀರಿನ ಮೇಲೆ ವೇಗವಾಗಿ ಹೋದಾಗ ಸ್ಟೇರಿಂಗ್ ಹಗುರವಾದಂತೆ ಅನಿಸಿದರೆ ಟೈರು ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತಿದೆ ಎಂದರ್ಥ. ಬ್ರೇಕ್ ಒತ್ತದೆ, ಸ್ಟೇರಿಂಗ್ ನೇರ ಹಿಡಿದು, ಆಕ್ಸಲರೇಟರಿನಿಂದ ಕಾಲು ತೆಗೆಯಿರಿ. ಮಳೆ ಜೋರಾದ ಕೂಡಲೇ ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಓಡಿಸುವುದು ನಮ್ಮಲ್ಲಿ ಒಂದು ಪಿಡುಗಾಗಿದೆ. ನೀವು ನಿಂತಿದ್ದೀರೋ, ತಿರುಗುತ್ತೀರೋ ಹಿಂದಿನವರಿಗೆ ತಿಳಿಯದಂತೆ ಮಾಡುವ ಕೆಲಸವದು. ಅವು ಕಾರು ನಿಂತಾಗ ಬಳಸುವ ದೀಪಗಳು. ನೀರು ತುಂಬಿದ ಅಂಡರ್‌ಪಾಸಿಗೆ ಆಳ ಗೊತ್ತಿಲ್ಲದೆ ಇಳಿಯಲೇಬೇಡಿ. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು.

ಹೆದ್ದಾರಿಯಲ್ಲಿ ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ಕಾರು ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿಯಿದೆ, ಅಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಮಿತಿ 100 ಎಂದಾಕ್ಷಣ 100ರಲ್ಲೇ ಹೋಗಬೇಕೆಂದಿಲ್ಲ. 80ರಲ್ಲಿ ಎಡ ಅಥವಾ ನಡುವಿನ ಪಥ ಹಿಡಿಯಿರಿ, ಬಲದ ಪಥ ದಾಟಿ ಹೋಗುವವರಿಗೆ. ಎರಡು ಗಂಟೆಗೊಮ್ಮೆ ಇಳಿದು ಕಾಲಾಡಿಸಿ. ನಿದ್ದೆ ಬಂದಾಗ ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು ಪ್ರಯೋಜನಕ್ಕೆ ಬರುವುದಿಲ್ಲ. ದಾಬಾ ಅಥವಾ ಪೆಟ್ರೋಲ್ ಬಂಕಿನ ಆವರಣದಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿ.

ಕುಡಿದವರಿಗೆ ಹೇಳುವುದು ಚುಟುಕು: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ದಾಟಿದರೆ ಅಪರಾಧ, ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಕೀಲಿಯನ್ನು ಬೇರೆಯವರಿಗೆ ಕೊಡಿ.

ಹಂತ 8: ಘಾಟಿ

ಆರೇಳು ತಿಂಗಳ ರೂಢಿಯಿಲ್ಲದೆ ಘಾಟಿಗೆ ಹೋಗಬೇಡಿ, ಹೋದರೆ ಮೊದಲ ಸಲ ಹಗಲಿನಲ್ಲಿ, ಬೇಸಗೆಯಲ್ಲಿ ಹೋಗಿ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ ಎಂಬುದು ಹೊಸಬರಿಗೆ ತಿಳಿದಿರುವುದಿಲ್ಲ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್ ಎಂಬುದು ಹಳೆಯ ಲಾರಿ ಚಾಲಕರ ಲೆಕ್ಕ, ಅದು ಇಂದಿಗೂ ಸರಿ. ಎರಡನೆಯ ಗೇರಿನಲ್ಲಿ ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ, ಬ್ರೇಕನ್ನು ತಿರುವಿನ ಮುಂಚೆ ಸ್ವಲ್ಪ ಒತ್ತಿ ಬಿಟ್ಟರಾಯಿತು. ಇಳಿಜಾರಿನುದ್ದಕ್ಕೂ ಬ್ರೇಕಿನ ಮೇಲೇ ಕಾಲಿಟ್ಟರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ ವಿಶಾಲವಾದ ಜಾಗದಲ್ಲಿ ನಿಲ್ಲಿಸಿ ಆರಲು ಬಿಡಿ, ಬಿಸಿ ಚಕ್ರಕ್ಕೆ ನೀರು ಹಾಕಬೇಡಿ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವವರು, ಎಂಜಿನ್ ಬಂದ್ ಮಾಡಿ ಇಳಿಯುವವರು ಇನ್ನೂ ಇದ್ದಾರೆ. ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ಸಹಾಯಬಲವೂ ಕೆಲವೇ ಒತ್ತಿನಲ್ಲಿ ಮುಗಿದು ಪೆಡಲ್ ಕಲ್ಲಿನಂತಾಗುತ್ತದೆ, ಸ್ಟೇರಿಂಗೂ ಬಿಗಿಯಾಗುತ್ತದೆ.

ಕಿರಿದಾದ ಜಾಗದಲ್ಲಿ ಎದುರಾದರೆ ಇಳಿಯುವವರು ನಿಂತು ಏರುವವರಿಗೆ ದಾರಿ ಕೊಡಬೇಕೆಂಬುದು ನಿಯಮ, ಏಕೆಂದರೆ ಭಾರ ಹೊತ್ತು ಏರುತ್ತಿರುವ ಲಾರಿ ನಿಂತರೆ ಮತ್ತೆ ಹೊರಡುವುದು ಕಷ್ಟ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಂತಹ ಕಡೆ, ಅಂದರೆ ರಸ್ತೆ ಬಂದ ದಿಕ್ಕಿಗೇ ಹಿಂದಿರುಗುವಂತೆ ಮಡಚಿಕೊಳ್ಳುವ ಕಡೆ, ಬಸ್ಸಿಗೆ ತಿರುಗಲು ಇಡೀ ರಸ್ತೆ ಬೇಕಾಗುತ್ತದೆ. ತಿರುವಿನ ಮುಂಚೆ ಹಾರ್ನ್ ಮಾಡಿ, ಬಸ್ಸಿನ ಸದ್ದು ಕೇಳಿದರೆ ಹಿಂದೆಯೇ ನಿಂತು ಅದನ್ನು ಹೋಗಗೊಡಿ. ತಿರುವಿನಲ್ಲಿ ನಿಮ್ಮ ಎಡ ಬಿಟ್ಟು ನಡುವಿಗೆ ಬರಬೇಡಿ, ಓವರ್‌ಟೇಕಿನ ಮಾತೇ ಬೇಡ. ಚಾರ್ಮಾಡಿಯಲ್ಲಿ ಮಂಜು ಕವಿದಾಗ ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ, ಆದ್ದರಿಂದ ಲೋ ಬೀಮ್ ಇರಲಿ. ಶಿರಾಡಿ, ಚಾರ್ಮಾಡಿಗಳಲ್ಲಿ ಮಳೆಗಾಲದಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದುಂಟು, ಹೊರಡುವ ದಿನ ಜಿಲ್ಲಾಡಳಿತದ ಪ್ರಕಟಣೆ ನೋಡಿ. ಊಟಿ, ವಯನಾಡಿನ ಕಡೆ ಹೋಗುವವರಿಗೆ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಗೇಟು ಮುಚ್ಚುವ ಹೊತ್ತಿಗೆ ತಲುಪಲೆಂದು ಕಾಡಿನ ಹಾದಿಯಲ್ಲಿ ವೇಗ ಹೆಚ್ಚಿಸುವವರನ್ನು ಅನುಸರಿಸಬೇಡಿ; ಒಂದು ಜಿಂಕೆ ದಾಟಿದರೆ ಹಿಂದೆ ಇನ್ನೂ ನಾಲ್ಕಿರುತ್ತವೆ.

ಅಪಘಾತವಾದರೆ

ಕಾರನ್ನು ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಜನರನ್ನು ರಸ್ತೆಯಿಂದ ಹೊರಗೆ ಕರೆತನ್ನಿ. ಹೆದ್ದಾರಿಯಾದರೆ ಕಾರಿನಿಂದ ಸುಮಾರು 50 ಮೀಟರ್ ಹಿಂದೆ ಕೆಂಪು ತ್ರಿಕೋನವಿಡಿ. ಪೊಲೀಸರಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು ಚಾಲಕನ ಕಾನೂನುಬದ್ಧ ಕರ್ತವ್ಯ. ಗುಂಪಿನ ಭಯದಿಂದ ಅಲ್ಲಿ ನಿಲ್ಲಲಾಗದಿದ್ದರೆ ನೇರವಾಗಿ ಹತ್ತಿರದ ಠಾಣೆಗೆ ಹೋಗಿ, ಹೆಚ್ಚೆಂದರೆ 24 ಗಂಟೆಯೊಳಗೆ ವರದಿ ಕೊಡಿ. ಬೇರೆಯವರ ಅಪಘಾತದಲ್ಲಿ ನೆರವಿಗೆ ನಿಂತವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನ ರಕ್ಷಣೆಯಿದೆ. ಹೆಸರು ಹೇಳಲೂ ಸಾಕ್ಷಿಯಾಗಲೂ ಯಾರೂ ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಿನಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಮೊದಲ ಏಳು ದಿನಗಳಲ್ಲಿ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಸಿಗುತ್ತದೆ, ಆದ್ದರಿಂದ ಹಣ ಕಟ್ಟುವವರೆಗೆ ಕಾಯಬೇಕೆಂದರೆ ಈ ಯೋಜನೆಯ ಹೆಸರೆತ್ತಿ ಕೇಳಿ. ಕಾರು ಎಳೆಸುವ ಮುನ್ನ ಸ್ಥಳದ, ಎರಡೂ ವಾಹನಗಳ ಮತ್ತು ನಂಬರ್ ಪ್ಲೇಟುಗಳ ಚಿತ್ರ ತೆಗೆದುಕೊಂಡು, ಅಂದೇ ವಿಮಾ ಕಂಪನಿಗೆ ತಿಳಿಸಿ. ಆರ್‌ಸಿ, ವಿಮೆ ಮತ್ತು ಡಿಎಲ್‌ಗಳ ಪ್ರತಿಗಳನ್ನು ಡಿಜಿಲಾಕರ್‌ನಲ್ಲಿ ಇಟ್ಟುಕೊಂಡಿದ್ದರೆ ತಪಾಸಣೆಗೆ ಅವೂ ಸಲ್ಲುತ್ತವೆ.